ಗಾಳಿಗೆ ಬೆನ್ನು ಕೊಟ್ಟ ಜಾಗ

ಜಾಗ ನೋಡುವುದೆಂದರೆ ನನಗೊಂದು ಚಟ. ಬಸ್ಸಿನಲ್ಲಿ ಯಾವ ಸೀಟಿಗೆ ಬಿಸಿಲು ಬೀಳುವುದಿಲ್ಲ, ಮದುವೆಮನೆಯಲ್ಲಿ ಯಾವ ಸಾಲಿಗೆ ಪಾಯಸ ಬಿಸಿಯಾಗಿ ಬರುತ್ತದೆ ಎಂದು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಟಿ. ನರಸೀಪುರದ ಕಚೇರಿಯಲ್ಲಿ ಗುಮಾಸ್ತನಾಗಿದ್ದರೂ ನಾನು ಹುಟ್ಟಿದ್ದು ತಗಡೂರಿನ ಒಕ್ಕಲು ಮನೆಯಲ್ಲಿ. ರಾಗಿ ಒಕ್ಕಣೆಗೆ ಕಣದ ಜಾಗ ನೋಡಲು ನಮ್ಮಪ್ಪನ ಜೊತೆ ನಾನೂ ಹೋಗುತ್ತಿದ್ದೆ. ಆಗ ನಾನು ಹೊತ್ತದ್ದು ನೀರಿನ ಚೊಂಬು ಮಾತ್ರ ಎಂಬುದನ್ನು ನನ್ನ ಹೆಂಡತಿ ಮಹದೇವಮ್ಮ ನೆಂಟರು ಬಂದಾಗಲೆಲ್ಲ ತಪ್ಪದೆ ನೆನಪಿಸುತ್ತಾಳೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವಳ ತಮ್ಮ ಶಿವು ಕಾರವಾರದ ಕಡೆ ಕೆಲಸದಲ್ಲಿದ್ದ. ಅಲ್ಲಿನ ಸಮುದ್ರದಲ್ಲಿ ವಿಂಡ್‌ಸರ್ಫಿಂಗ್ ಎಂಬುದನ್ನು ಹದಿನೈದು ದಿನ ಕಲಿತು, ತನ್ನ ಮದುವೆಗೆಂದು ಊರಿಗೆ ಬರುವಾಗ ಸ್ನೇಹಿತನ ಹಲಗೆ, ಹಾಯಿ ಎರಡನ್ನೂ ಲಾರಿಯಲ್ಲಿ ಹಾಕಿಕೊಂಡೇ ಬಂದ. “ಹಲಗೆ ಮೇಲೆ ನಿಂತ್ಕೊಂಡು ಹಾಯಿ ಹಿಡುದ್ರೆ ಗಾಳಿನೇ ಎಳ್ಕೊಂಡು ಹೋಯ್ತದೆ ಭಾವ. ಅಲ್ಲಿ ಇಳಿಯೋ ಜಾಗನೆಲ್ಲ ಕಲ್ಸೋರೇ ತೋರುಸ್ತಿದ್ರು. ಇಲ್ಲಿ ನೀವೇ ನೋಡ್ಬೇಕು” ಎಂದ. ಮದುವೆಗೆ ಇನ್ನು ಹನ್ನೆರಡು ದಿನ. ಮಹದೇವಮ್ಮ ನನ್ನ ಕಡೆ ತಿರುಗಿ, “ರೀ, ಹೆಣ್ಣಿನ ಕಡೆಯೋರಿಗೆ ನಾನು ಮುಖ ತೋರ್ಸೋ ಹಂಗಿರ್ಲಿ” ಎಂದಳು. ನನಗೆ ಸಿಟ್ಟು ಬಂತು. ಜಾಗದ ವಿಷಯದಲ್ಲಿ ನನಗೆ ಹೇಳಿಕೊಡುವುದೇ?

ತಲಕಾಡಿನ ಮೇಲಕ್ಕೆ ಒಂದು ಕಡೆ ಕಟ್ಟೆಗೆ ತಡೆದು ನಿಂತ ಕಾವೇರಿ ಅಗಲವಾಗಿ ಹರಡಿಕೊಂಡಿದೆ. ಸೈಕಲ್ಲು ತುಳಿದು ಹೋಗಿ ಎರಡು ದಡವನ್ನೂ ನೋಡಿದೆ. ಪಡುವಣ ದಡ ಎತ್ತರವಾಗಿ, ಗಟ್ಟಿಯಾಗಿ, ಮರಗಿಡದ ಅಡ್ಡಿಯಿಲ್ಲದೆ ಇತ್ತು. ಹಿಡಿ ಮಣ್ಣು ತೂರಿ ನೋಡಿದೆ. ಗಾಳಿ ನೇರ ಬೆನ್ನಿಗೆ ಬೀಸಿ ಮಣ್ಣನ್ನು ಹೊಳೆಯ ಕಡೆಗೆ ಒಯ್ದಿತು. ಕಣಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಬೆನ್ನಿಗೆ ಗಾಳಿಯಿದ್ದರೆ ಹೊಟ್ಟೆಲ್ಲ ದೂರ ಹಾರಿ ಹೋಗುತ್ತದೆ, ತೂರುವವನ ಕಣ್ಣಿಗೆ ಒಂದು ಎಳೆಯೂ ಬೀಳುವುದಿಲ್ಲ. ಬಲು ಹೆಮ್ಮೆಯಿಂದ ನಾಲ್ಕು ಕಲ್ಲಿಟ್ಟು ಗುರುತು ಮಾಡಿ ಬಂದೆ.

ಭಾನುವಾರ ಬೆಳಿಗ್ಗೆ ಶಿವು ಹಲಗೆಯನ್ನು ನೀರಿಗೆ ಇಳಿಸುತ್ತಿದ್ದಾಗ, ನಮ್ಮ ಮನೆಗೆ ಮೀನು ತಂದುಕೊಡುವ ಸಿದ್ದಪ್ಪ ಪಕ್ಕದಲ್ಲೇ ಹರಿಗೋಲು ಕಟ್ಟಿಕೊಂಡು ಬೀಡಿ ಸೇದುತ್ತಿದ್ದ. “ಸಾ, ಇಲ್ಲಿ ಬ್ಯಾಡಿ. ಆಚೆ ದಡದಿಂದ ಬುಟ್ರೆ ಗಾಳಿನೇ ವಾಪಸ್ ತಂದಾಕ್ತದೆ. ಇಲ್ಲಿಂದ ಓದ್ರೆ ಓದಂಗೇಯ” ಎಂದ. “ನಿನ್ನದು ಹುಟ್ಟು ಹಾಕುವ ಕಸುಬು, ಇದು ಗಾಳಿಯ ಕೆಲಸ, ಸುಮ್ಮನಿರಯ್ಯ” ಎಂದೆ. ಅವನು ಇನ್ನೊಂದು ಬೀಡಿ ಹಚ್ಚಿದ.

ಶಿವು ಹೊರಟ. ಅಬ್ಬಾ, ಏನು ವೇಗ! ಚಪ್ಪಾಳೆ ತಟ್ಟಿದೆ. ನಡುಹೊಳೆ ತಲುಪಿದಾಗ ಗಾಳಿ ಒಮ್ಮೆಗೇ ಜೋರಾಯಿತು. ಹಾಯಿ ಮಗುಚಿತು, ಶಿವು ನೀರಿಗೆ ಬಿದ್ದ. ಹತ್ತಿ ಹಾಯಿ ಎತ್ತಿದ, ಮತ್ತೆ ಬಿದ್ದ. ಮೂರನೆಯ ಸಲ ಅವನಿಗೆ ಎತ್ತಲಾಗಲಿಲ್ಲ. ಹಲಗೆಯನ್ನು ತಬ್ಬಿಕೊಂಡು ಮಲಗಿದ. ಗಾಳಿ ಓರೆಯಾಗಿ ಅವನನ್ನು ಕಟ್ಟೆಯ ಕಡೆಗೆ ತಳ್ಳುತ್ತಿತ್ತು. ಕಟ್ಟೆಯ ಆಚೆ ನೀರು ಬಂಡೆಗಳ ಮೇಲೆ ಧುಮುಕುವ ಸದ್ದು ನನಗೆ ಕೇಳಿಸಿದ್ದೇ ಆಗ. ಎರಡು ದಡ ಸುತ್ತಿ ಜಾಗ ನೋಡಿದವನಿಗೆ ಆ ಸದ್ದು ಕೇಳಿರಲಿಲ್ಲ. ನನಗೆ ಈಜು ಬರುವುದಿಲ್ಲ. “ಬಾ, ವಾಪಸ್ ಬಾ” ಎಂದು ಕೂಗಿದೆ. ಬರುವಂತಿದ್ದರೆ ಅವನು ಬರುತ್ತಿರಲಿಲ್ಲವೇ? ಮಂಡಿಯುದ್ದ ನೀರಿನವರೆಗೆ ಹೋಗಿ ನಿಂತುಬಿಟ್ಟೆ. ಆ ಹುಡುಗನನ್ನು ನಾನೇ ಕೊಂದೆ ಅನ್ನಿಸಿತು.

ತಿರುಗಿ ನೋಡಿದರೆ ಸಿದ್ದಪ್ಪ ದಡದಲ್ಲಿರಲಿಲ್ಲ. ಹರಿಗೋಲು ಆಗಲೇ ಅರ್ಧ ಹೊಳೆ ದಾಟಿತ್ತು. ಅವನ ಹುಟ್ಟು ಬೀಳುವುದನ್ನೇ ನೋಡುತ್ತ ನಿಂತೆ. ಕಟ್ಟೆಗೆ ಇನ್ನು ಹತ್ತು ಮಾರು ಎನ್ನುವಾಗ ಶಿವುವಿನ ರಟ್ಟೆ ಅವನ ಕೈಗೆ ಸಿಕ್ಕಿತು. ಸ್ನೇಹಿತನ ಹಲಗೆ, ಹಾಯಿ ಎರಡೂ ಕಟ್ಟೆ ಹಾರಿ ಹೋದವು.

ದಡಕ್ಕೆ ಬಂದ ಶಿವು ಹಲ್ಲು ಕಟಕಟ ಕಡಿಯುತ್ತ, “ಭಾವ, ಅಕ್ಕಂಗೆ ಮಾತ್ರ ಹೇಳ್ಬೇಡಿ” ಎಂದ. ನಾನು ಅವನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಸಿದ್ದಪ್ಪನ ಕೈ ಹಿಡಿದು, “ನಮ್ಮ ಪುಣ್ಯ ಕಣಯ್ಯ, ಇವತ್ತು ನೀನು ಇಲ್ಲೇ ಇದ್ದೆ” ಎಂದೆ.

ಅವನು ಹುಟ್ಟು ಒರೆಸುತ್ತ ಹೇಳಿದ: “ಪುಣ್ಯ ಗಿಣ್ಯ ಏನಿಲ್ಲ ಸಾ. ಮೊನ್ನೆ ಮೀನು ಕೊಡಕ್ ಓಗಿದ್ನಲ್ಲ, ಅಮ್ಮಾವ್ರು ಯೋಳುದ್ರು. ‘ನಮ್ ಯಜಮಾನ್ರು ಜಾಗ ನೋಡವ್ರೆ ಕಣಪ್ಪ, ಭಾನ್ವಾರ ನೀನು ವತ್ತಾರೆಯಿಂದ್ಲೇ ಅರಿಗೋಲ್ ತಕ್ಕೊಂಡು ಅಲ್ಲೇ ಇದ್ಬುಡು’ ಅಂತವ.”