ನಮ್ಮ ಮಳೆಯನ್ನು ಮೇಯ್ದ ಪುಸ್ತಕಹೇನುಗಳಿಗೆ

ನಮ್ಮ ಮಳೆ ಪುಸ್ತಕದ ಬೆನ್ನುಪಟ್ಟಿಯಲ್ಲಿ ಸಪರಿವಾರ ಬಿಡಾರ ಹೂಡಿರುವ ಪುಸ್ತಕಹೇನುಗಳ ಸನ್ನಿಧಾನಕ್ಕೆ, ಕಕ್ಕಬೆಯ ಕಾಫಿ ಬೆಳೆಗಾರನೊಬ್ಬನ ಬಾಗಿದ ಬೆನ್ನಿನ ನಮಸ್ಕಾರಗಳು.

ಮಾನ್ಯರೇ,

ತಮ್ಮ ಹೆಸರು ಕೇಳಿದೊಡನೆ ತಲೆ ಕೆರೆದುಕೊಂಡದ್ದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ತಾವು ರಕ್ತ ಕುಡಿಯುವವರಲ್ಲ, ಬೂಷ್ಟು ಮತ್ತು ಅಂಟು ಸೇವಿಸುವ ಸಾತ್ವಿಕರು ಎಂದು ಕೀಟಶಾಸ್ತ್ರ ಓದುವ ಮಗಳು ಅಶ್ವಿತಾ ಭೂತಗನ್ನಡಿ ಹಿಡಿದು ತಿಳಿಸಿದಳು. ತಲೆಹೇನಿಗೂ ತಮಗೂ ವಿಜ್ಞಾನಿಗಳು ಹಿಂದೆ ಬೇರೆ ಬೇರೆ ಗಣ ಕೊಟ್ಟಿದ್ದರಂತೆ. ಈಗ ವಂಶಾವಳಿ ತಿರುವಿ, ಎಲ್ಲರೂ ಒಂದೇ ಐನ್‌ಮನೆಯಿಂದ, ಅಂದರೆ ಕುಲದ ಮೂಲಮನೆಯಿಂದ, ಹೊರಟವರೆಂದು ಒಟ್ಟುಗೂಡಿಸಿದ್ದಾರಂತೆ. ಪಾಲಾದ ಕುಟುಂಬ ಮತ್ತೆ ಒಂದಾದದ್ದನ್ನು ಈ ಜಿಲ್ಲೆಯಲ್ಲಿ ನಾನು ಕಂಡದ್ದು ಇದೇ ಮೊದಲು, ಅಭಿನಂದನೆಗಳು. ನಮ್ಮ ಸಿಲ್ವರ್ ಓಕ್ ಮರಗಳಲ್ಲಿ ಮಂದೆ ಕಟ್ಟಿಕೊಂಡು ಪಾಚಿ, ಕಲ್ಲುಹೂವು ಮೇಯುವ ತೊಗಟೆಹೇನುಗಳೂ ತಮ್ಮ ದಾಯಾದಿಗಳೇ. ಮರಕ್ಕೊಂದು ಗೀರೂ ಮಾಡದ ಸಂಭಾವಿತರು.

ಮನೆಯೊಳಗೆ ಬಂದವರಿಗೇನಾಯಿತು?

ಒಪ್ಪುತ್ತೇನೆ, ಆಮಂತ್ರಣ ನನ್ನದೇ. ಅಪ್ಪನ ಕಾಲದಿಂದಲೂ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರು ಅಳೆದು, ಒದ್ದೆ ಕೈಯಲ್ಲೇ ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟು ಬರೆದು, ಪುಸ್ತಕವನ್ನು ಪಟ್ಟನೆ ಮುಚ್ಚುವವರು ನಾವು. ಬೂಷ್ಟು ಬಂತು. ಹರಿದ ಹಾಳೆಗಳಿಗೆ ಮೈದಾ ಅಂಟನ್ನೂ ಧಾರಾಳವಾಗಿ ಬಳಿದೆ. "ಹುಳಕ್ಕೆ ಪಾಯಸ ಮಾಡಿಟ್ಟಿದ್ದೀರಲ್ಲ ಮಾರಾಯ್ರೆ, ಎಲೆಯೂ ಹಾಕಿಬಿಡಿ" ಎಂದಳು ಹೆಂಡತಿ ಪೊನ್ನಮ್ಮ.

ಆದರೆ ಮುನ್ನೂರು ಪುಟಗಳ ಔತಣದಲ್ಲಿ ತಾವು 1994ರ ಜುಲೈ 14ಕ್ಕೇ ಬಾಯಿ ಹಾಕಬೇಕಿತ್ತೇ? ಅಂದು ನಮ್ಮಲ್ಲಿ ಬಿದ್ದದ್ದು 17 ಇಂಚು. ಹೊಳೆಯಾಚೆ ತೋಟವಿರುವ ಪೊನ್ನಮ್ಮನ ಅಣ್ಣ ಮೊಣ್ಣಪ್ಪನವರು, ಅಂದು ತಮ್ಮ ತೋಟದಲ್ಲೇ ಮಳೆ ಹೆಚ್ಚೆಂದು ಮೂವತ್ತು ವರ್ಷಗಳಿಂದ ವಾದಿಸುತ್ತಾ, ಕಳೆದ ಭಾನುವಾರ ಅಲ್ಲಿನ ಮಳೆ ಪುಸ್ತಕವನ್ನೇ ಹೊತ್ತು ತಂದರು. ಸೋತವರು ಹುತ್ತರಿಯ ಸುಗ್ಗಿಹಬ್ಬದ ದಿನ ನೆಂಟರೆಲ್ಲರ ಎದುರು ಸೋಲೊಪ್ಪಬೇಕೆಂದು ಮಾತಾಯಿತು. ಅವರದು 11. ನಾನು ಮೀಸೆ ತಿರುವಿ ನಮ್ಮ ಪುಟ ತೆರೆದರೆ, ತಾವು ಒಂದನ್ನು ನುಣ್ಣಗೆ ಮೇಯ್ದು, ಏಳನ್ನು ಮುತ್ತಿನಂತೆ ಉಳಿಸಿದ್ದಿರಿ!

"ಏಳಾ ಭಾವ? ಅಷ್ಟು ನಮ್ಮಲ್ಲಿ ಮೋಡ ಕಟ್ಟುವಾಗಲೇ ಬೀಳ್ತದೆ!"

ಆದ್ದರಿಂದ ವಿನಂತಿ: ತಿಂದ ಒಂದನ್ನು ಏಳರ ಎಡಕ್ಕೆ, ನೀಲಿ ಶಾಯಿಯಲ್ಲೇ, ಮರಳಿ ಉಗುಳಬೇಕು. ಅಜೀರ್ಣದ ಭಯವಿದ್ದರೆ ಹುತ್ತರಿಗೆ ಸಾಲಾಗಿ ಬಂದು, ತೇಗಿ ಸಾಕ್ಷಿ ಹೇಳಬೇಕು.

ಹತ್ತು ಇಂಚು ಬಡವಾದ
ತಮ್ಮ ವಿಶ್ವಾಸಿ,
ಬೆಳ್ಯಪ್ಪ

ತಾ.ಕ.: ನಮ್ಮ ಏಳನ್ನು ಮನೆಮಂದಿಗೆಲ್ಲ ತೋರಿಸಿ ನಗಬೇಕೆಂದು ಮೊಣ್ಣಪ್ಪನವರು ಇಂದು ಪುಸ್ತಕ ಕೇಳಿದರು. ತಮಗೆ ರೆಕ್ಕೆಯಿಲ್ಲವಾದ್ದರಿಂದ ನನ್ನದೇ ಜೀಪಿನಲ್ಲಿ, ತಮ್ಮ ಸಮೇತ, ಕಳುಹಿಸಿಕೊಟ್ಟೆ. ಅವರ ಕಪಾಟಿನಲ್ಲಿ ಐವತ್ತು ವರ್ಷದ ಮಳೆಯಿದೆ. ಸಂತಾನ ಬೆಳೆಸಲು ತಮ್ಮಲ್ಲಿ ಗಂಡಿನ ಅಗತ್ಯವೂ ಇಲ್ಲವಂತೆ. ಅವರ ಹನ್ನೊಂದರಲ್ಲಿ ಎರಡು ಒಂದುಗಳಿವೆ. ಸಂಕೋಚ ಬೇಡ.