ಅತ್ತೆಯ ಟೈಮಿಂಗ್ ಬೆಲ್ಟು

ಸೀರೆಗೆ ಗ್ರೀಸು ಮೆತ್ತಿಕೊಂಡೇ ಮದುವೆಮನೆಗೆ ಬಂದು, ಮದುಮಗಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ ಹೆಂಗಸು ಇಡೀ ಕೊಪ್ಪ ತಾಲ್ಲೂಕಿನಲ್ಲಿ ಒಬ್ಬರೇ. ಅವರು ನನ್ನ ಸೋದರತ್ತೆ. ಸೀರೆಗೆ ಗ್ರೀಸಾಗಿದೆ ಎಂದು ಯಾರೋ ಕಿವಿಯಲ್ಲಿ ಹೇಳಿದ್ದಕ್ಕೆ, ಅದು ಗ್ರೀಸಲ್ಲ, ಗೇರ್ ಆಯಿಲ್ ಎಂದು ತಿದ್ದಿದರಂತೆ! ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ತಪ್ಪು ಕಂಡರೆ ತಿದ್ದದೆ ಬಿಡುವುದುಂಟೇ?

ನಿವೃತ್ತಿಯಾದವರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಸಕ್ಕರೆ ಕಾಯಿಲೆ ಪರೀಕ್ಷೆಗೆ ಹೋಗುತ್ತಾರೆ. ಅತ್ತೆ ಕಮ್ಮರಡಿ ಕಡೆಯ ಕಾಫಿ ತೋಟದವರೊಬ್ಬರ ಮನೆಗೆ ಹೋಗಿ ಹಳೆಯ ಜರ್ಮನ್ ಕಾರೊಂದನ್ನು ಕೊಂಡು ತಂದರು. ಎರಡು ಸಾವಿರದ ಐದು-ಆರರ ಮಾತು. ಆಗಲೇ ಅದರ ಬಿಡಿಭಾಗಗಳು ಸಿಗುವುದು ದುರ್ಲಭವಾಗಿತ್ತು. ಮಾವ, ಅಂದರೆ ಅತ್ತೆಯ ಗಂಡ, ಬಸ್‌ಸ್ಟ್ಯಾಂಡಿನ ಪಕ್ಕ ಔಷಧಿ ಅಂಗಡಿ ಇಟ್ಟಿದ್ದ ಸಾಧು ಮನುಷ್ಯ. ಇದೆಲ್ಲ ನಮಗೆ ಬೇಕಿತ್ತಾ ಎಂದು ಕೇಳಲು ಅವರು ಬಾಯಿ ತೆರೆದರು. ತೆರೆದ ಬಾಯಿಗೆ ಅತ್ತೆ ಪೇಡ ಹಾಕಿದರು. ಚರ್ಚೆ ಮುಗಿಯಿತು.

ಕಾರು ಚೆನ್ನಾಗಿಯೇ ಓಡುತ್ತಿತ್ತು. ಒಂದು ದಿನ ಅತ್ತೆ ಹಳೆಯ ಮಾಲೀಕರಿಗೆ ಫೋನು ಮಾಡಿ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದೆಂದು ಕೇಳಿದರು. "ಯಾವ ಬೆಲ್ಟು?" ಎಂದರು ಆ ಪುಣ್ಯಾತ್ಮರು. ಅಂದಿನಿಂದ ಕಾರು ಶೆಡ್ಡಿನಿಂದ ಹೊರಬೀಳಲಿಲ್ಲ.

ಅದೆಂಥ ಬೆಲ್ಟು, ಅದಕ್ಕೇಕೆ ಇಷ್ಟು ಹೆದರಿಕೆ ಎಂದು ನಾನೂ ಕೇಳಿದೆ. ಆಗ ನಾನು ಕೊಪ್ಪದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದೆ. ಇಂಜಿನ್ನಿಗೂ ನನಗೂ ಸಂಧಿಯೂ ಇಲ್ಲ, ಸಮಾಸವೂ ಇಲ್ಲ. ಅತ್ತೆ ವಿವರಿಸಿದರು. ಇಂಜಿನ್ನಿನೊಳಗೆ ಕೆಳಗಿನಿಂದ ಪಿಸ್ಟನ್ ಮೇಲೇರುತ್ತದೆ, ಮೇಲಿನಿಂದ ವಾಲ್ವ್ ಕೆಳಗಿಳಿಯುತ್ತದೆ. ಎರಡೂ ಗುದ್ದಿಕೊಳ್ಳದಂತೆ ತಾಳ ಹಿಡಿದು ಕುಣಿಸುವುದು ಹಲ್ಲಿರುವ ಒಂದು ರಬ್ಬರ್ ಪಟ್ಟಿ. ಅದು ಹರಿದರೆ ಇಂಜಿನ್ ಕಥೆ ಮುಗಿಯಿತು.

"ಅತ್ತೆ-ಸೊಸೆ ಒಂದೇ ಒಲೇಲಿ ಅಡುಗೆ ಮಾಡಿದ ಹಾಗೆ ಮಾರಾಯ," ಎಂದರು. "ಒಬ್ಬರು ಕೈ ತೆಗೆದ ಮೇಲೆ ಇನ್ನೊಬ್ಬರು ಹಾಕ್ಬೇಕು."

"ನಮ್ಮನೇಲಿ ನಾನು ಕೈ ತೆಗೆದು ವರ್ಷಗಟ್ಟಲೆ ಆಯ್ತು," ಎಂದು ಕಾರಿನ ಒಳಗಿನಿಂದ ಧ್ವನಿ ಬಂತು.

ಆ ಧ್ವನಿ ಅಜ್ಜಿಯದು; ಅತ್ತೆಯ ಅತ್ತೆ, ಮಾವನ ತಾಯಿ. ಕಾರು ನಿಂತ ಮೇಲೆ ಅದರ ಹಿಂದಿನ ಸೀಟು ತಮ್ಮ ಬೆನ್ನುನೋವಿಗೆ ಹೇಳಿ ಮಾಡಿಸಿದ್ದೆಂದು ಅಜ್ಜಿಗೆ ಗೊತ್ತಾಗಿತ್ತು. ಬೆಳಗ್ಗೆ ತಿಂಡಿಯಾದದ್ದೇ ಎಲೆಯಡಿಕೆ ತಟ್ಟೆ ಹಿಡಿದು ಕಾರಿನೊಳಗೆ ಹೋಗಿ ಕೂತರೆ ಊಟಕ್ಕೇ ಇಳಿಯುವುದು. ನೆಂಟರು ಬಂದರೆ ಗಾಜು ಇಳಿಸಿ ಮಾತಾಡಿಸುತ್ತಿದ್ದರು. ಜಾಕ್ ಏರಿಸುವಾಗ ಇಳಿಯಿರಿ ಎಂದರೆ, ಮನೆ ಖಾಲಿ ಮಾಡಿಸಿದಷ್ಟು ಮುನಿಸು!

ಊರಿನ ಗ್ಯಾರೇಜಿನವರು ಕಣ್ಣು ಮುಚ್ಚಿ ಜೀಪು ಬಿಚ್ಚುವವರು. ಅವರು ಬಂದು ಬೋನೆಟ್ ಎತ್ತಿ ನೋಡಿ, ಮಲಗಿದ ಮಗುವಿಗೆ ಹೊದಿಕೆ ಹೊದಿಸುವಂತೆ ಮೆಲ್ಲಗೆ ಮುಚ್ಚಿದರು. "ಟೀಚರಮ್ಮ, ಬಿಚ್ಚೋದೇನೋ ಬಿಚ್ತೀನಿ. ಆಮೇಲೆ ಇಬ್ರೂ ಕೂತು ಅಳ್ಬೇಕಾಗ್ತದೆ," ಎಂದರು.

ಅತ್ತೆ ತಾವೇ ಬಿಚ್ಚುವುದೆಂದು ತೀರ್ಮಾನಿಸಿದರು. ಸೈಬರ್ ಸೆಂಟರಿಗೆ ಹೋಗಿ ಆ ಕಾರಿನ ರಿಪೇರಿ ಪುಸ್ತಕದ ಪುಟಗಳನ್ನು ಪ್ರಿಂಟ್ ಮಾಡಿಸಿ ತಂದರು. ಎಲ್ಲ ಜರ್ಮನ್ ಭಾಷೆಯಲ್ಲಿ! ಪರವಾಗಿಲ್ಲ, ಚಿತ್ರ ಇದೆಯಲ್ಲ ಎಂದರು. ಕೆಲವು ಚಿತ್ರಗಳ ಪಕ್ಕ ದಪ್ಪಕ್ಷರದಲ್ಲಿ 'ಆಖ್ತುಂಗ್' ಎಂದಿರುತ್ತಿತ್ತು. ಅದಿದ್ದಲ್ಲೆಲ್ಲ ಏನೋ ಮುರಿಯುತ್ತದೆ, ಇಲ್ಲವೇ ಬೆರಳು ಹೋಗುತ್ತದೆ ಎಂದು ಅತ್ತೆ ಅನುಭವದಿಂದ ಅರ್ಥಮಾಡಿಕೊಂಡರು. ಆಮೇಲೆ ಮಾವ ಮೂರನೆಯ ಹೋಳಿಗೆಗೆ ಕೈಹಾಕಿದರೂ ಅಡುಗೆಮನೆಯಿಂದ "ಆಖ್ತುಂಗ್" ಎಂದು ಕೇಳಿಬರುತ್ತಿತ್ತು. ಮಾವ ಕೈ ಹಿಂದೆಗೆಯುತ್ತಿದ್ದರು. ಆ ಭಾಷೆಯ ಶಕ್ತಿ ದೊಡ್ಡದು.

ಬೆಲ್ಟು, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಜೊತೆಗೊಂದು ವಾಟರ್ ಪಂಪು, ಎಲ್ಲವನ್ನೂ ಮಂಗಳೂರಿನ ಅಂಗಡಿಯವರು ಬಸ್ಸಿನಲ್ಲಿ ಹಾಕಿ ಕಳಿಸಿದರು. ಪಾರ್ಸೆಲ್ ಕೊಪ್ಪದಲ್ಲಿ ಇಳಿಯುವ ಬದಲು ಶೃಂಗೇರಿಯಲ್ಲೇ ಇಳಿದುಬಿಟ್ಟಿತು. ನಾವು ಹುಡುಕಿಕೊಂಡು ಹೋದರೆ, ಬೆಲ್ಟ್ ಎಂದು ಬರೆದದ್ದು ನೋಡಿ ಹಿಟ್ಟಿನ ಗಿರಣಿಗೆ ಕೊಟ್ಟೆವು ಎಂದರು ಬಸ್ ಏಜೆಂಟರು. ಗಿರಣಿಗೆ ಓಡಿದೆವು. ಮೈಯೆಲ್ಲ ಹಿಟ್ಟಾಗಿದ್ದ ಮಾಲೀಕರು ನಮ್ಮ ಬೆಲ್ಟನ್ನು ಗಿರಣಿಯ ಚಕ್ರಕ್ಕೆ ಎಳೆದು ಹಿಡಿದು ಬೆವರುತ್ತಿದ್ದರು.

"ನೋಡಿ ಅಮ್ಮ, ಈಗಿನ ಕಂಪನಿಯವರ ಹಣೆಬರಹ," ಎಂದು ಅತ್ತೆಗೇ ದೂರು ಹೇಳಿದರು. "ಅಳತೆ ಗಿಡ್ಡ ಆಯ್ತು. ಸಾಲ್ದು ಅಂತ ಒಳಗಡೆಯೆಲ್ಲ ಹಲ್ಲು ಬೇರೆ ಇಟ್ಟಿದಾರೆ."

ಅತ್ತೆ ಬೆಲ್ಟಿನ ಹಿಟ್ಟು ಕೊಡವಿ, ಹಲ್ಲುಗಳನ್ನೆಲ್ಲ ಪರೀಕ್ಷಿಸಿ, ಸೆರಗಿನಲ್ಲಿ ಸುತ್ತಿಕೊಂಡು ಬಂದರು.

ಇನ್ನು ಮುಖ್ಯ ಕೆಲಸ. ಚಕ್ರ ಬಿಚ್ಚಿ, ಇಂಜಿನ್ನಿಗೆ ಕೆಳಗಿನಿಂದ ಮರದ ದಿಮ್ಮಿ ಕೊಟ್ಟು, ಮುಚ್ಚಳ ತೆಗೆದದ್ದಾಯಿತು. ಬೆಲ್ಟು ಕೂರುವ ಪುಲ್ಲಿಗಳ ಮೇಲಿನ ಗುರುತು ಕಾಣುವುದಿಲ್ಲವೆಂದು ಅತ್ತೆ ಒಂದಕ್ಕೆ ಕುಂಕುಮ, ಇನ್ನೊಂದಕ್ಕೆ ಸುಣ್ಣ ಹಚ್ಚಿದರು. ಪಕ್ಕದ ಮನೆಯವರು ಬಂದವರೇ ಚಪ್ಪಲಿ ಬಿಟ್ಟು ಇಂಜಿನ್ನಿಗೆ ಕೈಮುಗಿದರು. ಕೆಳಗಿನ ಪುಲ್ಲಿಯ ಬೋಲ್ಟು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅದಕ್ಕೂ ಉಪಾಯವಿತ್ತು. ಮಾವ ಒಳಗೆ ಕೂತು ಗೇರು ಹಾಕಿ ಬ್ರೇಕು ಒತ್ತಿದರೆ ಇಂಜಿನ್ ತಿರುಗದೆ ನಿಲ್ಲುತ್ತದೆ. ಆಗ ಹೊರಗಿನಿಂದ ಸ್ಪಾನರಿಗೆ ಉದ್ದನೆಯ ನೀರಿನ ಪೈಪು ಸಿಕ್ಕಿಸಿ ಅತ್ತೆಯೂ ನಾನೂ ಜೋತುಬೀಳಬೇಕು. ಜೋತುಬಿದ್ದೆವು. ಬೋಲ್ಟಿನ ಜೊತೆ ಇಂಜಿನ್ನೇ ತಿರುಗಿತು. ಮತ್ತೆ ಬಿದ್ದೆವು, ಮತ್ತೆ ತಿರುಗಿತು. ಸರಿಯಾಗಿ ಒತ್ತಿದ್ದೀರಾ ಎಂದು ಅತ್ತೆ ಕೇಳಿದರೆ, ಮಾವ ಪ್ರಾಣ ಬಿಟ್ಟು ಒತ್ತಿದ್ದೇನೆ ಎಂದರು.

ಹಿಂದಿನ ಸೀಟಿನಿಂದ ಅಜ್ಜಿ ನಿಧಾನಕ್ಕೆ ಹೇಳಿದರು: "ಒತ್ತಿದಾನೆ ಕಣೆ. ಎಡಗಾಲಲ್ಲಿ."

ಎಡಗಾಲಡಿ ಇದ್ದದ್ದು ಬ್ರೇಕಲ್ಲ, ಕ್ಲಚ್ಚು! ಅಲ್ಲಿಗೆ ಮಾವನಿಗೆ ಎರಡು ದಿನ ಜರ್ಮನ್ ಭಾಷೆಯೇ ಗತಿಯಾಯಿತು.

ಹೊಸ ಬೆಲ್ಟು ಕೂತಿತು. ಆಯಿಲ್ ಬದಲಾಯಿತು, ಫಿಲ್ಟರ್ ಬದಲಾಯಿತು, ಪ್ಲಗ್ಗು ಹೊಸದಾಯಿತು. ಕೀಲಿ ತಿರುಗಿಸಿದರೆ ಕಾರು ಚಳಿಜ್ವರ ಬಂದ ಎಮ್ಮೆಯ ಹಾಗೆ ನಡುಗಿತು. ಅಜ್ಜಿಯ ತಟ್ಟೆಯಲ್ಲಿದ್ದ ಅಡಿಕೆ ಹೋಳೆಲ್ಲ ಕುಣಿದು ಕೆಳಗೆ ಬಿತ್ತು. ಅತ್ತೆ ತಕ್ಷಣ ಆರಿಸಿ, ಬೆಲ್ಟು ಒಂದು ಹಲ್ಲು ತಪ್ಪಿ ಕೂತಿದೆ ಎಂದರು. ನನಗೆ ಅಳು ಬಂತು. ಅಷ್ಟೂ ಮತ್ತೆ ಬಿಚ್ಚಬೇಕು! ಗ್ಯಾರೇಜಿನವರ ಭವಿಷ್ಯವಾಣಿ ಫಲಿಸಿತಲ್ಲ ಎಂದುಕೊಂಡೆ. ಅತ್ತೆ ಮಾತ್ರ ಕಾಫಿ ಕುಡಿದು ಬಂದು ಮತ್ತೆ ಕಾರಿನ ಕೆಳಗೆ ತೂರಿದರು.

ಎರಡನೆಯ ಸಲ ಕೀಲಿ ತಿರುಗಿಸಿ ಎಲ್ಲರೂ ಉಸಿರು ಹಿಡಿದು ನಿಂತೆವು. ಅಜ್ಜಿ ಕಾದು ಕಾದು ಸಾಕಾಗಿ, "ಯಾವಾಗ ಶುರು ಮಾಡ್ತಿ?" ಎಂದರು. ಇಂಜಿನ್ ಆಗಲೇ ಓಡುತ್ತಿತ್ತು!

ರಿಪೇರಿಯಾದ ಗಾಡಿ ಮೊದಲು ಹೋಗಬೇಕಾದದ್ದು ಶೃಂಗೇರಿಗೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಾವ ತೆಂಗಿನಕಾಯಿ ಹಿಡಿದು ಮುಂದೆ ಕೂತರು. ಹಿಂದೆ ಅಜ್ಜಿ, ಪಕ್ಕದಲ್ಲಿ ನಾನು. ಅತ್ತೆ ಕಾರನ್ನು ಎನ್.ಆರ್. ಪುರದ ರಸ್ತೆಗೆ ತಿರುಗಿಸಿದರು. ದಾರಿ ತಪ್ಪಿತು ಎಂದರು ಮಾವ. ಕಾರು ನಿಂತದ್ದು ಶೆಟ್ಟಿಕೊಪ್ಪದಲ್ಲಿ, ಅಜ್ಜಿಯ ತಂಗಿಯ ಮನೆ ಮುಂದೆ.

ಅಜ್ಜಿಗೆ ಬಸ್ಸು ಹತ್ತಿದರೆ ವಾಂತಿ; ಜೀಪು ಹತ್ತಲು ಮಂಡಿ ಬಾರದು. ತಂಗಿಗೆ ಕಣ್ಣು ಹೋಗಿತ್ತು. ಅಷ್ಟು ಹತ್ತಿರವಿದ್ದೂ ಅವರು ಒಬ್ಬರನ್ನೊಬ್ಬರು ಮುಟ್ಟಿ ವರ್ಷಗಳೇ ಆಗಿದ್ದವು. ಕಾರಿನೊಳಗೆ ಕೂತು ಅಜ್ಜಿ ದಿನವೂ ಆ ತಂಗಿಯ ಬಾಲ್ಯದ ಕಥೆಗಳನ್ನು ಹೇಳುತ್ತಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ನನಗೆ ಕೇಳಿಸುತ್ತಿದ್ದದ್ದು ಸ್ಪಾನರಿನ ಸದ್ದು. ಕಾರಿನ ಕೆಳಗೆ ಮಲಗಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು.

ಮನೆಯವರು ತಂಗಿಯನ್ನು ಕೈಹಿಡಿದು ತಂದು ಕಾರಿನೊಳಗೆ ಕೂರಿಸಿದರು. ಆಕೆ ಅಕ್ಕನ ಮುಖವನ್ನು ಹಣೆಯಿಂದ ಗದ್ದದವರೆಗೂ ಸವರಿ, "ಎಷ್ಟು ಸಣ್ಣ ಆಗಿದಿಯೇ," ಎಂದರು. ಇಳಿದು ಒಳಗೆ ಬನ್ನಿ ಎಂದರೆ ಇಬ್ಬರೂ ಇಳಿಯಲಿಲ್ಲ. ಮಾವ ಮೆಲ್ಲಗೆ ಇಳಿದು, ಕಾಯಿ ಹಿಡಿದುಕೊಂಡೇ ಜಗಲಿಯ ಮೇಲೆ ಕೂತರು. ನಾನು ಮುಂದಿನ ಸೀಟಿಗೆ ಹೋದೆ. ಅತ್ತೆ ಕಾರನ್ನು ಎನ್.ಆರ್. ಪುರದ ಕಡೆಗೆ ಬಿಟ್ಟರು, ಎತ್ತಿನಗಾಡಿಯೂ ನಾಚುವಷ್ಟು ನಿಧಾನವಾಗಿ. ಹಿಂದೆ ಬಸ್ಸೊಂದು ಹಾರನ್ ಹೊಡೆಯುತ್ತಲೇ ಇತ್ತು.

ಬಸ್ಸು ಎಲ್ಲಿದೆಯೆಂದು ಅತ್ತೆ ನೋಡುತ್ತಲೇ ಇಲ್ಲವಲ್ಲ ಎಂದು ಕನ್ನಡಿಯತ್ತ ತಿರುಗಿದೆ. ಅದನ್ನು ಅವರು ಕೆಳಗೆ ಬಾಗಿಸಿಕೊಂಡಿದ್ದರು. ಅದರಲ್ಲಿ ರಸ್ತೆ ಇರಲಿಲ್ಲ. ಒಂದಕ್ಕೊಂದು ತಾಗಿಕೊಂಡ ಎರಡು ಬಿಳಿ ತಲೆಗಳಿದ್ದವು.

"ಅತ್ತೆ, ಹಿಂದೆ ಏನೂ ಕಾಣಲ್ವಲ್ಲ," ಎಂದೆ.

"ಕಾಣ್ತಾ ಇದೆ, ಸುಮ್ನಿರು," ಎಂದರು.