ಮದುಮಕ್ಕಳಿಲ್ಲದ ಮದುವೆ ವಿಡಿಯೋ

ಮಂಗಳೂರಿನಲ್ಲಿ ಮದುವೆಯ ವಿಡಿಯೋ ತೆಗೆಯುವವರಿಗೆ ಬರವಿಲ್ಲ. ಆದರೆ ಮದುಮಕ್ಕಳನ್ನೇ ಬಿಟ್ಟು ಮದುವೆಯ ವಿಡಿಯೋ ತೆಗೆಯಬಲ್ಲವರು ಒಬ್ಬರೇ: ನನ್ನ ಸೋದರಮಾವನ ಮಗ, ಪಡೀಲಿನ ಭಾವ!

ಭಾವನ ಕ್ಯಾಮೆರಾಕ್ಕೆ ಮಂಟಪವೆಂದರೆ ಅಲರ್ಜಿ. ಅದು ಅಡುಗೆಕೋಣೆಗೆ ನುಗ್ಗುತ್ತದೆ, ಕೊನೆಯ ಸಾಲಿನಲ್ಲಿ ತೂಕಡಿಸುವ ಅಜ್ಜಿಯ ಮುಂದೆ ಮಂಡಿಯೂರುತ್ತದೆ. ಕೊಡಿಯಾಲ್‌ಬೈಲಿನ ಮದುಮಗನೊಬ್ಬ ವಿಡಿಯೋ ನೋಡಿ ಫೋನು ಮಾಡಿದ್ದ. "ಮಾರಾಯ್ರೆ, ನನ್ನ ಮದುವೆಯಲ್ಲಿ ನಾನೆಲ್ಲಿ?"

"ಇದ್ದೀರಲ್ಲ! ಹದಿನೇಳನೇ ನಿಮಿಷದಲ್ಲಿ, ಪಾಯಸದ ಹಂಡೆಯ ಹಿಂದೆ," ಎಂದರು ಭಾವ, ಒಂದಿಷ್ಟೂ ನಾಚದೆ.

ಉಳ್ಳಾಲದ ನಿಖಾಹ್ ಒಂದರಲ್ಲಿ ಅವರ ಕ್ಯಾಮೆರಾ ಹಿಂಬಾಲಿಸಿದ್ದು, ತಂಗಿಯ ಮದುವೆಗೆಂದು ಗಲ್ಫಿನಿಂದ ಬಂದಿದ್ದ ಅಣ್ಣನನ್ನು. ಊರಿಗೆಲ್ಲ ಬಿರಿಯಾನಿ ಬಡಿಸಿ, ಕೊನೆಗೆ ಮೆಟ್ಟಿಲ ಮೇಲೆ ಒಬ್ಬನೇ ಕೂತು ಆತ ತಣ್ಣಗಾದದ್ದನ್ನು ತಿಂದನಲ್ಲ, ಅದೇ ವಿಡಿಯೋದ ಕ್ಲೈಮ್ಯಾಕ್ಸ್! ಜಗಳವಾಗುತ್ತದೆಂದು ನಾನು ಕಾದಿದ್ದೆ. ಅವನ ತಾಯಿ ಅದನ್ನು ವಾರಕ್ಕೊಮ್ಮೆ ಹಾಕಿಸಿ ನೋಡುತ್ತಾರಂತೆ. ಎಂತೆಂಥವರಿದ್ದಾರೆ ನೋಡಿ!

ನನ್ನ ದೊಡ್ಡ ತಂಗಿಯ ಮದುವೆ ಬಂತು. ಮನೆಯಲ್ಲೇ ಕ್ಯಾಮೆರಾ ಇಟ್ಟುಕೊಂಡು ಹೊರಗಿನವರನ್ನು ಕರೆಯಲಿಕ್ಕುಂಟೇ? ಕೈಮುಗಿದು ಕೇಳಿಕೊಂಡೆ. "ಭಾವ, ಬೇರೆ ಎಂತ ಬೇಕಾದ್ರೂ ಮಾಡಿ. ಧಾರೆ ಮಾತ್ರ ಬಿಡಬೇಡಿ."

"ಧಾರೆ ಬಿಡ್ಲಿಕ್ಕುಂಟಾ ಮಾರಾಯ?"

ವಾರದ ನಂತರ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂತೆವು. ಪರದೆಯ ಮೇಲೆ ಮದುಮಕ್ಕಳ ಕೈಗಳು ಸೇರಿದವು, ದೊಡ್ಡಪ್ಪ, ದೊಡ್ಡಮ್ಮ ಗಿಂಡಿ ಎತ್ತಿದರು, ಇನ್ನೇನು ನೀರು ಬೀಳಬೇಕು, ಚಿತ್ರ ಗರಕ್ಕನೆ ತಿರುಗಿ ಸಭಾಂಗಣದ ಹಿಂದಿನ ಕಂಬದ ಮೇಲೆ ನಿಂತಿತು!

"ಎಂತ ಭಾವ ಇದು? ಕಂಬಕ್ಕೆ ಮದುವೆಯಾ?" ನನಗೆ ಸಿಟ್ಟು ನೆತ್ತಿಗೇರಿತ್ತು.

"ಸುಮ್ಮನೆ ನೋಡು."

ಕಂಬದ ಮರೆಯಲ್ಲಿ ಅಮ್ಮ ಇದ್ದಳು. ಅಪ್ಪ ಹೋದ ಮೇಲೆ ಅವಳು ಯಾವ ಮಂಟಪದ ಹತ್ತಿರವೂ ಸುಳಿದವಳಲ್ಲ. ಮಗಳ ಮದುವೆಯಲ್ಲೂ ಹಿಂದೆಯೇ ಉಳಿದಿದ್ದಳು, ನಾವು ಯಾರೂ ಕರೆದಿರಲಿಲ್ಲ. ಅಲ್ಲಿ ನಿಂತು ಅವಳು ತನ್ನ ಬರಿಗೈಯನ್ನು ಮುಂದೆ ಚಾಚಿ, ಗಿಂಡಿ ಹಿಡಿದವಳಂತೆ ಮೆಲ್ಲನೆ ಬಗ್ಗಿಸುತ್ತಿದ್ದಳು. ಅಷ್ಟು ದೂರದಿಂದ ಮಗಳಿಗೆ ಧಾರೆ ಎರೆಯುತ್ತಿದ್ದಳು.

"ಅಯ್ಯೋ, ಇದನ್ನೆಲ್ಲ ಯಾಕೆ ತೆಗೆದದ್ದು?" ಎನ್ನುತ್ತಾ ಅಮ್ಮ ಎದ್ದು ಒಳಗೆ ಹೋದಳು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಭಾವ ನನ್ನ ಪಕ್ಕ ಬಂದು ಕೂತರು. "ನಮ್ಮ ಅಕ್ಕನ ಮದುವೆಯ ಕ್ಯಾಸೆಟ್ ಮೂರು ಗಂಟೆಯದ್ದು ಉಂಟು. ಅದರಲ್ಲಿ ನನ್ನ ಅಮ್ಮ ನಾಲ್ಕೇ ಸೆಕೆಂಡು. ಅದೂ ಅಡುಗೆಮನೆ ಬಾಗಿಲಲ್ಲಿ, ಬರೀ ಮೊಣಕೈ. ಈಗ ಅಮ್ಮ ಇಲ್ಲ. ಆ ಮೊಣಕೈ ನೋಡಿಯೇ ನಾನು ಕ್ಯಾಮೆರಾ ತಗೊಂಡದ್ದು."

ಕಳೆದ ವರ್ಷ ಚಿಕ್ಕ ತಂಗಿಯ ಮದುವೆ. ಅಮ್ಮ ಬೇಡ ಬೇಡವೆಂದರೂ ಕೈಹಿಡಿದು ಮಂಟಪಕ್ಕೆ ಕರೆತಂದೆ. ಒಂದಿಬ್ಬರು ಗೊಣಗಿದರು. ದೊಡ್ಡಪ್ಪ ಗಿಂಡಿಯನ್ನು ಅಮ್ಮನ ಕೈಗಿಟ್ಟರು.

ಅಂದು ಭಾವ ಅಡುಗೆಕೋಣೆಯತ್ತ ಸುಳಿಯಲೇ ಇಲ್ಲ. ಧಾರೆ ಮೊದಲ ಹನಿಯಿಂದ ಕೊನೆಯ ಹನಿಯವರೆಗೂ ಬಂದಿದೆ. ಆದರೆ ಚಿತ್ರ ಉದ್ದಕ್ಕೂ ನಡುಗುತ್ತದೆ. ಯಾಕೆಂದು ಕೇಳಿದರೆ, "ಸ್ಟ್ಯಾಂಡ್ ಸರಿ ಇರಲಿಲ್ಲ ಮಾರಾಯ," ಎಂದರು.

ಸ್ಟ್ಯಾಂಡು ಇಡೀ ದಿನ ನನ್ನ ಕಾರಿನಲ್ಲೇ ಇತ್ತು.